ಅಜ್ಜನ ಗಂಜಿ, ನಮ್ಮ ಬೈಕು: ಊಟ–ನಡಿಗೆ ಸರಿಮಾಡಿಕೊಳ್ಳುವ ಬಗೆ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಗುಡ್ಡೆಯ ಬುಡದಲ್ಲಿ. ತೋಟ ಇನ್ನೂ ಕೆಳಗೆ. ಅಜ್ಜನ ಕಾಲದಲ್ಲಿ ಪೇಟೆಗೆ ಹೋಗಬೇಕಾದರೆ ಗುಡ್ಡೆ ಹತ್ತಿ ಇಳಿಯಬೇಕಿತ್ತು. ಬರುವಾಗ ತಲೆಯ ಮೇಲೆ ಸಾಮಾನು. ಅವರು ಬೆಳಗ್ಗೆ ಮೂರು ಬಟ್ಟಲು ಗಂಜಿ ಉಣ್ಣುತ್ತಿದ್ದರು. ಹನ್ನೊಂದು ಗಂಟೆಗೆ ಅದು ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ.

ನಾನೂ ಮೂರು ಬಟ್ಟಲು ಉಣ್ಣುತ್ತಿದ್ದೆ. ಆದರೆ ತೋಟಕ್ಕೆ ನೀರು ಬಿಡುವುದು ಮೋಟಾರಿನ ಸ್ವಿಚ್ಚು. ಅಡಿಕೆ ಕೊಯ್ಯಲು ಗುತ್ತಿಗೆಯವರು ಬರುತ್ತಾರೆ. ಅಂಗಳದಿಂದ ಪೇಟೆಗೆ ಬೈಕು. ಅಜ್ಜನ ಊಟ ಹಾಗೇ ಉಳಿಯಿತು, ಅಜ್ಜನ ಕೆಲಸ ಮಾತ್ರ ಬಿಟ್ಟುಹೋಯಿತು. 46ನೇ ವಯಸ್ಸಿನಲ್ಲಿ ಒಂದು ಶಿಬಿರದಲ್ಲಿ ಸುಮ್ನೆ ಬೆರಳು ಚುಚ್ಚಿಸಿಕೊಂಡೆ. ಆಮೇಲೆ ಲ್ಯಾಬಿನಲ್ಲಿ ಸರಿಯಾಗಿ ನೋಡಿಸಿದಾಗ ಖಾಲಿ ಹೊಟ್ಟೆಯ ಶುಗರ್ 114, ಸೊಂಟ 98 ಸೆಂಟಿಮೀಟರ್. ಹೀಗಿರುವವನು ನಾನೊಬ್ಬನೇ ಅಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಬಂತಲ್ಲ, ಅದರಲ್ಲಿ ಕೇರಳದ ಲೆಕ್ಕ 25.5 ಶೇಕಡಾ. ದೊಡ್ಡವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದಾಯಿತು.

ಓಟ್ಸು, ಕಿನೋವಾ, ಆಲಿವ್ ಎಣ್ಣೆ ಇದ್ಯಾವುದೂ ಇಲ್ಲದೆ, ನಮ್ಮ ಅಡುಗೆಮನೆಯಲ್ಲೇ ಏನು ಬದಲಿಸಿದೆ, ಯಾವ ಕ್ರಮದಲ್ಲಿ ಬದಲಿಸಿದೆ ಎಂದು ಹೇಳುತ್ತೇನೆ. ಕ್ರಮ ಮುಖ್ಯ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದರೆ ಗುರುವಾರಕ್ಕೆ ಮುಗಿದುಹೋಗುತ್ತದೆ.

ಮೊದಲು ಅಳೆಯಿರಿ

ದರ್ಜಿ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿ ಸುತ್ತಿ. ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆಳೆದು ಮೋಸ ಮಾಡಬೇಡಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ತೂಕದ ಯಂತ್ರಕ್ಕಿಂತ ಈ ಟೇಪಿನ ಮಾತನ್ನು ನಾನು ಜಾಸ್ತಿ ನಂಬುತ್ತೇನೆ. ಕೈಕಾಲು ಸಪೂರ ಇದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ತೂಕದ ಯಂತ್ರ ಸುಳ್ಳು ಸಮಾಧಾನ ಹೇಳುತ್ತದೆ.

ಬಿಪಿ, ಶುಗರ್ ನೋಡಿಸಲು ಪೇಟೆಗೇ ಹೋಗಬೇಕೆಂದಿಲ್ಲ. ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು 30 ದಾಟಿದವರ ವಿವರ ಕೇಳಿದಾಗ 'ನಮಗೇನಿಲ್ಲ' ಎಂದು ಸಾಗಹಾಕಬೇಡಿ. ಖಾಲಿ ಹೊಟ್ಟೆ ಎಂದರೆ ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಸಕ್ಕರೆ ಹಾಕಿದ, ಹಾಲಿಲ್ಲದ ಕಟ್ಟನ್ ಚಾಯ ಕುಡಿದು ಹೋಗಿ 'ನಾನು ಏನೂ ತಿಂದಿಲ್ಲ' ಎನ್ನುವವರನ್ನು ಸರತಿಯಲ್ಲೇ ನೋಡಿದ್ದೇನೆ. 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಎಂದರೆ ಗಡಿ. 126 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಕಾಯಿಲೆ. ಬಿಪಿ 140/90ರ ಮೇಲೆ ಮತ್ತೆ ಮತ್ತೆ ಬಂದರೆ ಡಾಕ್ಟರರ ಹತ್ತಿರ ಮಾತಾಡಲೇಬೇಕು.

ನಮ್ಮ ಗಡಿನಾಡಿಗೇ ಸಂಬಂಧಪಟ್ಟ ಒಂದು ಮಾತು. ಚೀಟಿ ಮಲಯಾಳದಲ್ಲಿದ್ದರೆ ಅಲ್ಲೇ ನಿಂತು ಕೇಳಿಕೊಳ್ಳಿ. 'ಮುಂಪ್' ಎಂದರೆ ಊಟಕ್ಕೆ ಮೊದಲು, 'ಶೇಷಂ' ಎಂದರೆ ಊಟ ಆದ ಮೇಲೆ. ಪೆರ್ಲ ಕಡೆಯ ನಮ್ಮ ನೆಂಟರೊಬ್ಬರು, ಮಲಯಾಳ ಅಷ್ಟಕ್ಕಷ್ಟೇ, ಈ 'ಶೇಷ'ವನ್ನು ಕನ್ನಡದ ಶೇಷ ಮಾಡಿಕೊಂಡು ಊಟ ಇನ್ನೂ ಸ್ವಲ್ಪ ಬಾಕಿ ಇರುವಾಗ ಮಾತ್ರೆ ನುಂಗುತ್ತಿದ್ದರು. ತಿಂಗಳುಗಟ್ಟಲೆ. ಪುಣ್ಯಕ್ಕೆ ಅದು ಗ್ಯಾಸಿನ ಮಾತ್ರೆ.

ಈಗಾಗಲೇ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮುಂದಿನ ಹೆಜ್ಜೆಗಳನ್ನು ಡಾಕ್ಟರರಿಗೆ ಹೇಳಿಯೇ ಶುರು ಮಾಡಿ. ಮದ್ದು ಅಷ್ಟೇ ಇಟ್ಟು ಊಟ ಇಳಿಸಿದರೆ ಶುಗರ್ ಕೆಳಗೆ ಬೀಳಬಹುದು. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯಬೇಕು.

ಚಾಯದ ಲೆಕ್ಕ

ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೇ. ಕ್ಯಾಲೆಂಡರಿನ ಹಿಂದೆ ಬರೆದರೂ ಆದೀತು. ನಾನು ಬರೆದಾಗ ಸಿಕ್ಕಿದ್ದು: ಎದ್ದ ಕೂಡಲೇ ಒಂದು, ತಿಂಡಿಗೆ ಒಂದು, ಪೇಟೆಯಲ್ಲಿ ಒಂದು, ಯಾರೋ ಸಿಕ್ಕಿದರು ಎಂದು ಇನ್ನೊಂದು, ಸಂಜೆ ಒಂದು. ಐದು ಚಾಯ. ಒಂದಕ್ಕೆ ಎರಡು ಚಮಚ ಸಕ್ಕರೆ.

ಮಗಳು ಕೇಕ್ ಮಾಡಲು ತಂದ ಪುಟ್ಟ ತಕ್ಕಡಿ ಮನೆಯಲ್ಲಿತ್ತು. ಅದರ ಮೇಲೆ ನಮ್ಮ ಚಾಯದ ಚಮಚ ಇಟ್ಟು ನೋಡಿದೆ. ಮಟ್ಟಸವಾಗಿ ತೆಗೆದರೆ 4 ಗ್ರಾಂ. ಆದರೆ ಮಟ್ಟಸವಾಗಿ ತೆಗೆಯುವವರು ಯಾರು? ನಾವು ತೆಗೆಯುವ ಹಾಗೆ ಗೋಪುರ ಕಟ್ಟಿ ತೆಗೆದರೆ 7. ನಡುವಿನ ಲೆಕ್ಕ 5 ಗ್ರಾಂ ಎಂದೇ ಇಟ್ಟುಕೊಳ್ಳೋಣ. ಹತ್ತು ಚಮಚಕ್ಕೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ. ನನ್ನೊಬ್ಬನ ಚಾಯಕ್ಕೆ! ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮೇಲಿನ ಮಿತಿಯೇ ಸುಮಾರು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಪಾಯಸ, ಬಿಸ್ಕತ್ತು, ಬೇಕರಿ ಹಲ್ವ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಒಮ್ಮೆಲೇ ಸಕ್ಕರೆ ಬಿಡಬೇಡಿ. ವಾರಕ್ಕೆ ಅರ್ಧ ಚಮಚ ಇಳಿಸಿ. ಮೂರನೇ ವಾರಕ್ಕೆ ನಾಲಿಗೆ ಒಗ್ಗುತ್ತದೆ. ಆಮೇಲೆ ಹಳೆಯ ಚಾಯ ಕೊಟ್ಟರೆ ಪಾಯಸದ ಹಾಗೆ ಅನ್ನಿಸುತ್ತದೆ. ಹೋಟೆಲಿನಲ್ಲಿ 'ಮಧುರಂ ಕೊರಚ್ಚ್' (ಸಿಹಿ ಕಡಿಮೆ) ಎಂದರೆ ಅಲ್ಲಿನವರಿಗೆ ಗೊತ್ತಾಗುತ್ತದೆ. ಬೆಲ್ಲ, ಜೇನು ಹಾಕಿದರೆ ತೊಂದರೆಯಿಲ್ಲ ಎನ್ನುವ ಮಾತು ನಂಬಬೇಡಿ, ಶುಗರಿಗೆ ಅವೂ ಸಕ್ಕರೆಯೇ.

ಬಟ್ಟಲು ಬದಲಿಸಿ, ಅಕ್ಕಿ ಬದಲಿಸಬೇಡಿ

ಕುಚ್ಚಲಕ್ಕಿ ಬಿಡಬೇಕು ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಭತ್ತವನ್ನು ಬೇಯಿಸುವಾಗ ಹೊಟ್ಟಿನ ಹತ್ತಿರದ ಬಿ ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ. ಅದರಿಂದಾಗಿ ಪಾಲಿಶ್ ಮಾಡಿದರೂ ಬೆಳ್ತಿಗೆ ಅಕ್ಕಿಯಲ್ಲಿ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಹೋಗುವಷ್ಟು ಹೋಗುವುದಿಲ್ಲ. ಕೆಂಪು ತವಡು ಉಳಿದ ಕಜೆ ಅಕ್ಕಿಯಲ್ಲಿ ನಾರೂ ಇದೆ. ಗಂಜಿಯನ್ನು ತೆಳಿಯ ಜೊತೆಗೇ ಉಣ್ಣುವ ನಮ್ಮ ಪದ್ಧತಿ ಒಳ್ಳೆಯದೇ, ಬಸಿದು ಚೆಲ್ಲಿದರೆ ಸತ್ವವೂ ಹೋಗುತ್ತದೆ. ಕರಗುವ ತನಕ ಬೇಯಿಸಬೇಡಿ, ಮುದ್ದೆಯಾದಷ್ಟೂ ಶುಗರ್ ಬೇಗ ಏರುತ್ತದೆ. ಕಾಳು ಕಾಳಾಗಿ ಇರಲಿ.

ಆದರೆ ಅಕ್ಕಿ ಒಳ್ಳೆಯದೆಂದು ಎಷ್ಟೂ ಉಣ್ಣಬಹುದು ಎಂದಲ್ಲ. ಬೆಳಗ್ಗೆ ನೀರುದೋಸೆ ಎಂಟು, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ. ನಾಲ್ಕು ಹೆಸರಿನಲ್ಲಿ ಬಂದದ್ದು ಅಕ್ಕಿಯೊಂದೇ. ನಾನು ಮಾಡಿದ್ದು ಇಷ್ಟು. ಸ್ಟೀಲಿನ ದೊಡ್ಡ ಬಟ್ಟಲು ಕಪಾಟಿಗೆ ಹೋಯಿತು, ಸಾರಿನ ಸಣ್ಣ ಬಟ್ಟಲು ಅನ್ನದ ಅಳತೆಯಾಯಿತು. ಒಂದು ಬಟ್ಟಲು ಅನ್ನ, ಬೇಕಾದರೆ ಅರ್ಧ ಮತ್ತೆ. ತಟ್ಟೆಯ ಅರ್ಧ ಜಾಗ ತರಕಾರಿಗೆ. ಮೊದಲು ತಾಳು (ಪಲ್ಯ), ತಂಬುಳಿ, ಕಾಳು. ಅನ್ನಕ್ಕೆ ಆಮೇಲೆ ಕೈ. ಹೊಟ್ಟೆ ಅರ್ಧ ತುಂಬಿದ ಮೇಲೆ ಅನ್ನ ತಾನಾಗಿ ಕಡಿಮೆಯಾಗುತ್ತದೆ.

ತರಕಾರಿಗೆ ದುಡ್ಡಿಲ್ಲ ಎನ್ನುವ ಮಾತು ನಮ್ಮ ಊರಲ್ಲಿ ನಡೆಯುವುದಿಲ್ಲ. ಬಚ್ಚಲ ನೀರು ಹೋಗುವಲ್ಲಿ ಬಸಳೆ ಚಪ್ಪರ, ಬೇಲಿಯಲ್ಲಿ ತೊಂಡೆ, ಗದ್ದೆ ಬದುವಿನಲ್ಲಿ ತಿಮರೆ (ಒಂದೆಲಗ), ಕುಂಡದಲ್ಲಿ ಸಾಂಬಾರಬಳ್ಳಿ (ದೊಡ್ಡಪತ್ರೆ). ಹರಿವೆ ಬಿತ್ತಿದರೆ ತಿಂಗಳೊಳಗೆ ಕೈಗೆ. ಬೇಸಿಗೆ ಶುರುವಿಗೆ ಎಳೆ ಹಲಸಿನ ಗುಜ್ಜೆ, ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನ ಪತ್ರೊಡೆ. ಪತ್ರೊಡೆಗೂ ಅಕ್ಕಿ ಬೇಕು, ನೆನಪಿರಲಿ. ನಾವೀಗ ಅಕ್ಕಿ ಸ್ವಲ್ಪ ಇಳಿಸಿ ಹೆಸರುಕಾಳು ಸೇರಿಸಿ ಅರೆಯುತ್ತೇವೆ. ಹುಣಸೆಹುಳಿಯಲ್ಲಿ ಮಾತ್ರ ಜುಗ್ಗತನ ಬೇಡ, ಗಂಟಲು ತುರಿಸುತ್ತದೆ. ಹಲಸಿನ ಹಣ್ಣಿನ ವಿಷಯ ಬೇರೆ. ಕಾಯಿಯಾಗಿದ್ದಾಗ ಪಲ್ಯದ ವಸ್ತು, ಹಣ್ಣಾದಾಗ ಸಿಹಿತಿಂಡಿ. ನಾಲ್ಕು ಸೊಳೆ ತಿಂದು ಎದ್ದುಬಿಡಿ.

ಸಸ್ಯಾಹಾರಿ ಮನೆಗಳಲ್ಲಿ ಕಾಣುವ ದೊಡ್ಡ ಕೊರತೆ ಪ್ರೋಟೀನಿನದು. ಮಜ್ಜಿಗೆ ಹುಳಿ, ಮೇಲಾರ, ಸಾರು, ಉಪ್ಪಿನಕಾಯಿ ಎಂದು ಎಲೆ ತುಂಬ ಬಗೆಬಗೆ ಇರುತ್ತದೆ. ಕಾಳು ಎಲ್ಲಿ ಎಂದು ಹುಡುಕಬೇಕು. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ಒಣ ಹುರುಳಿ ಅಥವಾ ಹೆಸರಿನಲ್ಲಿ 20 ಗ್ರಾಂಗೂ ಮೇಲೆ ಸಿಗುತ್ತದೆ. ಮಲಯಾಳಿ ನೆರೆಯವರ ಪುಟ್ಟು–ಕಡಲೆ ನೋಡಿ, ಜೊತೆಗೆ ಕಾಳು ಇಲ್ಲದೆ ಅವರು ಪುಟ್ಟು ಮುಟ್ಟುವುದು ಕಡಿಮೆ. ನಾವು ನೀರುದೋಸೆಗೆ ಕಾಯಿಬೆಲ್ಲ ಹಚ್ಚುತ್ತೇವೆ! ನಮ್ಮ ಮನೆಯಲ್ಲಿ ಈಗ ವಾರಕ್ಕೆ ಮೂರು ದಿನ ನೀರುದೋಸೆ ನಾಲ್ಕು, ಜೊತೆಗೆ ಕಡಲೆ ಗಸಿ.

ಮೀನು ತಿನ್ನುವವರಿಗೆ ಇಷ್ಟು ಕಷ್ಟ ಇಲ್ಲ. ಬೂತಾಯಿ, ಬಂಗುಡೆಗಿಂತ ಒಳ್ಳೆಯದನ್ನು ದುಬಾರಿ ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ. ಹೃದಯಕ್ಕೆ ಬೇಕಾದ ಒಮೆಗಾ-3 ಕೊಬ್ಬು ಅವುಗಳಲ್ಲಿ ಚೆನ್ನಾಗಿದೆ. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವ ಬದಲು ಹುಳಿ–ಖಾರದ ಪುಳಿಮುಂಚಿ ಮಾಡಿ.

ಉಪ್ಪು, ಎಣ್ಣೆ: ಪ್ಯಾಕೆಟಿನ ಮೇಲೆ ತಾರೀಕು ಬರೆಯಿರಿ

ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅದಕ್ಕಿಂತ ಜಾಸ್ತಿ ಆಗಬಾರದು. ಇದನ್ನು ಅಡುಗೆಯಲ್ಲಿ ಅಳೆಯುವುದು ಹೇಗೆ? ಒಡೆದ ದಿನ ಪ್ಯಾಕೆಟಿನ ಮೇಲೆ ತಾರೀಕು ಬರೆದುಬಿಡಿ. ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ 50 ದಿನ ಬರಬೇಕು. ನಮ್ಮಲ್ಲಿ 26ನೇ ದಿನಕ್ಕೆ ಖಾಲಿ. ಅಂದರೆ ಮಿತಿಯ ಹತ್ತಿರಹತ್ತಿರ ಎರಡರಷ್ಟು. ಭರಣಿಯ ಮಾವಿನ ಮಿಡಿ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ), ಹಪ್ಪಳ ಇವಕ್ಕೆ ಹೋದ ಕಲ್ಲುಪ್ಪು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಣಮೀನು ತಿನ್ನುವವರು ಅದನ್ನೂ ಸೇರಿಸಿಕೊಳ್ಳಿ.

ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಡುವುದು ನಮ್ಮ ಹಿರಿಯರಿಗೆ ಅನಿವಾರ್ಯವಾಗಿತ್ತು, ಆಗ ಪೇಟೆಯಲ್ಲಿ ಜುಲೈ ತಿಂಗಳಲ್ಲಿ ಕ್ಯಾರೆಟ್ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ನಾವು ಮಿಡಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಂದು ಊಟಕ್ಕೆ ಒಂದೇ ಮಿಡಿ, ರಸ ಅನ್ನಕ್ಕೆ ಕಲಸುವಂತಿಲ್ಲ, ಉಪ್ಪಿನಕಾಯಿ ಇದ್ದ ದಿನ ಹಪ್ಪಳ ಇಲ್ಲ. ಉಪ್ಪುಸೊಳೆಯನ್ನು ಎರಡು ನೀರು ಬದಲಿಸಿ ನೆನೆಸಿದರೆ ಉಪ್ಪು ಸಾಕಷ್ಟು ಬಿಡುತ್ತದೆ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತಿನ್ನುವವರು ಕೇಳದೆ ತರಬೇಡಿ.

ಎಣ್ಣೆಗೂ ಇದೇ ಉಪಾಯ. ಒಬ್ಬರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ ಎಂದರೆ ನಾಲ್ವರಿಗೆ ತಿಂಗಳಿಗೆ ಮೂರು ಲೀಟರ್. 1916ರಿಂದ ತೆಂಗಿನ ಸಂಶೋಧನಾ ಕೇಂದ್ರ ಇರುವ ಊರಿನಲ್ಲಿ ತೆಂಗಿನೆಣ್ಣೆ ಬಿಡಿ ಎಂದರೆ ನನ್ನನ್ನು ಮನೆಯೊಳಗೆ ಸೇರಿಸಲಿಕ್ಕಿಲ್ಲ. ಆದರೂ ಅದರಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು ಎನ್ನುವುದು ನಿಜ. ಒಗ್ಗರಣೆಗೆ ಅದು ಇರಲಿ, ಉಳಿದದ್ದಕ್ಕೆ ಎಳ್ಳೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಹಂಚಿಕೊಳ್ಳಿ. ಸಂಜೆಯ ಪಳಂಪೊರಿ (ಎಣ್ಣೆಯಲ್ಲಿ ಕಾಯಿಸಿದ ಬಾಳೆಹಣ್ಣು) ವಾರಕ್ಕೊಮ್ಮೆ ಸಾಕು.

ಇನ್ನೊಂದು ಮಾತು, ಹೇಳಲು ನನಗೇ ಕಷ್ಟ. ಅಡಿಕೆ ಮಾರಿ ಬದುಕುವವನು ನಾನು. ಆದರೆ ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ ಬೆಳೆಗಾರರಲ್ಲಿ ಇದರ ಬಗ್ಗೆ ತಕರಾರು ಇದೆ, ನನಗೆ ಗೊತ್ತು. ನಾನು ಎಲೆಯಡಿಕೆಯ ಕವಳ ಬಿಟ್ಟೆ.

ನಡಿಗೆ

ಲೆಕ್ಕ ಸುಲಭ. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ. ಚುರುಕಾಗಿ ನಡೆಯುತ್ತಿದ್ದೇನೆಯೇ ಎಂದು ತಿಳಿಯಲು ಗಡಿಯಾರ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು, ಒಂದು ಭಾಗವತಿಕೆ ಪದ ಎತ್ತಿ ನೋಡಿ. ಪಲ್ಲವಿ ಪೂರ್ತಿ ಬಂದರೆ ನಡಿಗೆ ನಿಧಾನ ಎಂದರ್ಥ.

ಶುರುವಿನಲ್ಲಿ ಹತ್ತೇ ನಿಮಿಷ. ಮಧ್ಯಾಹ್ನ, ರಾತ್ರಿ ಊಟ ಆದ ಮೇಲೆ ಹತ್ತು ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ. ಉಂಡ ಮೇಲೆ ಏರುವ ಶುಗರ್ ಇದರಿಂದ ತಗ್ಗುತ್ತದೆ. ಎರಡು ವಾರ ಆದ ಮೇಲೆ ಬೆಳಗಿನ ನಡಿಗೆ ಸೇರಿಸಿ. ಪೂರ್ತಿ ಬೆಳಕಾದ ಮೇಲೆ ಹೊರಡಿ, ಮಬ್ಬಿನಲ್ಲಿ ಕಾಡುಹಂದಿ ಎದುರಾಗುತ್ತದೆ. ಬೀದಿನಾಯಿಗಳಿಗೆ ಒಂದು ಬೆತ್ತ ಕೈಯಲ್ಲಿರಲಿ. ಬೀಸಬೇಕಾಗಿಲ್ಲ, ಕಂಡರೆ ಸಾಕು.

ತೋಟದಲ್ಲಿ ದಿನವಿಡೀ ನಿಂತೇ ಇರುತ್ತೇವಲ್ಲ ಎಂದು ನಾನೂ ವಾದ ಮಾಡಿದವನೇ. ಒಂದು ದಿನ ಫೋನಿನಲ್ಲಿ ಹೆಜ್ಜೆ ಎಣಿಸಿದೆ. ಕೆಲಸದವರ ಮೇಲ್ವಿಚಾರಣೆಯಲ್ಲಿ ಇಡೀ ಬೆಳಗ್ಗೆ ಕಳೆದ ಮೇಲೆ ಬಂದ ಲೆಕ್ಕ 1,900. ನಿಂತದ್ದು ಹೌದು, ನಡೆದದ್ದು ಇಲ್ಲ. ಈಗ ಬೈಕನ್ನು ಗುಡ್ಡೆಯ ಮೇಲಿನ ಮಾರ್ಗದ ಬದಿಯಲ್ಲೇ ನಿಲ್ಲಿಸುತ್ತೇನೆ. ಪೇಟೆಗೆ ಹೋಗಬೇಕಾದರೆ ಹತ್ತಲೇಬೇಕು. ಏರು ಹತ್ತುವುದು ಸಮತಟ್ಟಿನ ನಡಿಗೆಗಿಂತ ಎಷ್ಟೋ ಮೇಲು, ಮತ್ತು ನಮ್ಮ ಊರಲ್ಲಿ ಏರಿಗೆ ಬರವಿಲ್ಲ. ಮೊಣಕಾಲು ನೋವಿದ್ದವರು ಇಳಿಯುವಾಗ ನಿಧಾನ, ಇಳಿತವೇ ಹೆಚ್ಚು ನೋಯಿಸುವುದು. ಮೂರು ತಿಂಗಳು ಹೀಗೆ ಮಾಡಿದ ಮೇಲೆ ಪೊಸಡಿಗುಂಪೆ ಗುಡ್ಡ ಹತ್ತಿದೆ, ಎರಡು ಕಡೆ ಕೂತು.

ನಡೆಯುವಾಗ ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರಿದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿ. ಮಂಗಳೂರಿಗೇ ಹೋಗೋಣ ಎಂದು ಕಾರು ಹುಡುಕುತ್ತಾ ಹೊತ್ತು ಕಳೆಯಬೇಡಿ. ಇಸಿಜಿ ತೆಗೆಯುವ ಹತ್ತಿರದ ಜಾಗಕ್ಕೆ ಮೊದಲು.

ಮಳೆಗಾಲ ಬಂತು, ಈಗೇನು?

ಎಲ್ಲರೂ ಸೋಲುವುದು ಇಲ್ಲೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ತಿಂಗಳವರೆಗೆ ಚೆನ್ನಾಗಿ ನಡೆದವರು ಜೂನ್ ಹತ್ತಕ್ಕೆ ಕೂತುಬಿಡುತ್ತಾರೆ. ಜೊತೆಗೆ ಹಪ್ಪಳ, ಬಿಸಿ ಚಾಯ. ಅಕ್ಟೋಬರಿನಲ್ಲಿ ಎದ್ದಾಗ ಸೊಂಟ ಮತ್ತೆ ಮೊದಲಿನ ಜಾಗಕ್ಕೆ.

ಹಾಗಾಗಿ ಮೈಗೆ ಬಲ ಕೊಡುವ ವ್ಯಾಯಾಮವನ್ನು ಮಳೆಗಾಲಕ್ಕೇ ಇಟ್ಟುಕೊಳ್ಳಿ. ವಾರಕ್ಕೆ ಎರಡು ದಿನವಾದರೂ ಅದು ಬೇಕೇ ಬೇಕು. ಉಂಡ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಗೋದಾಮು ನಮ್ಮ ತೊಡೆಯ ಸ್ನಾಯು. ಜಿಮ್ಮು ಬೇಡ, ಜಗಲಿ ಸಾಕು.

ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, ಕೈ ಊರದೆ ಎದ್ದು ನಿಲ್ಲಿ. ಮತ್ತೆ ನಿಧಾನ ಕೂರಿ, ದೊಪ್ಪನೆ ಬೀಳಬೇಡಿ. ಹತ್ತು ಸಲ, ಸ್ವಲ್ಪ ಸುಧಾರಿಸಿ ಮತ್ತೆ ಹತ್ತು, ಮತ್ತೊಮ್ಮೆ ಹತ್ತು. ಮೊದಲ ದಿನ ಏಳರಲ್ಲೇ ನನ್ನ ತೊಡೆ ನಡುಗಿತು. ಆಮೇಲೆ ಗೋಡೆಯಿಂದ ಎರಡಡಿ ದೂರ ನಿಂತು, ಅಂಗೈ ಊರಿ, ಗೋಡೆಗೆ ದಂಡ ಹೊಡೆಯಿರಿ, ಹತ್ತರಿಂದ ಹದಿನೈದು. ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು ಐದು ನಿಮಿಷ, ಕಾಲು ಬದಲಿಸುತ್ತಾ. ನೀರು ತುಂಬಿದ ಎರಡು ಸಣ್ಣ ಬಾಲ್ದಿ ಎರಡು ಕೈಯಲ್ಲಿ ಹಿಡಿದು ಜಗಲಿಯ ಆ ತುದಿಯಿಂದ ಈ ತುದಿಗೆ. ಅಂಗಳದ ಪಾಚಿಯ ಮೇಲೆ ಮಾತ್ರ ಇದನ್ನು ಮಾಡಬೇಡಿ. 65 ದಾಟಿದವರು ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನೂ ಸೇರಿಸಿಕೊಳ್ಳಿ, ಮಳೆಗಾಲದಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದು ತಪ್ಪೀತು.

ಜೆಂಬರದ ಊಟ

ಏಪ್ರಿಲ್, ಮೇ ಬಂದರೆ ವಾರಕ್ಕೆ ಮೂರು ಜೆಂಬರ, ಅಂದರೆ ಮದುವೆಯಂಥ ಸಮಾರಂಭ. ಹೋಗದೆ ಇರಲಾಗುವುದಿಲ್ಲ, ಹೋದರೆ ಉಣ್ಣದೆ ಇರಲಾಗುವುದಿಲ್ಲ. ನಾನು ಕಲಿತ ಉಪಾಯ ಒಂದೇ. ಪಂಕ್ತಿಯಲ್ಲಿ ಕೂರುವ ಮೊದಲೇ ಇವತ್ತು ಪಾಯಸವೋ ಹೋಳಿಗೆಯೋ ಎಂದು ತೀರ್ಮಾನ ಮಾಡಿಬಿಡಿ. ಎರಡೂ ಅಲ್ಲ. ಬಡಿಸುವವರು ಬಗ್ಗುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಗ್ಗಿದ ಮೇಲೆ ಹಿಡಿದರೆ ಅಂಗೈಗೇ ಬೀಳುತ್ತದೆ. 'ಶುಗರ್ ಉಂಟಾ?' ಎಂದು ಪಕ್ಕದವರು ಜೋರಾಗಿ ಕೇಳುತ್ತಾರೆ. ಕೇಳಲಿ. ತಾಳು, ಸಾಸಮೆ ಎರಡನೇ ಸಲ ಕೇಳಿ ಹಾಕಿಸಿಕೊಂಡರೆ ಬಡಿಸುವವರಿಗೂ ಖುಷಿ. ರಾತ್ರಿ ಒಂದು ಸಣ್ಣ ಬಟ್ಟಲು ಗಂಜಿ, ಹೆಸರುಕಾಳು, ಅಷ್ಟೇ.

ಮೂರು ತಿಂಗಳಿಗೊಮ್ಮೆ ಮತ್ತೆ ಟೇಪು ಹಿಡಿಯಿರಿ. ಎಚ್‌ಬಿಎ1ಸಿ ಎನ್ನುವ ರಕ್ತ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಅದನ್ನು ಮೋಸಗೊಳಿಸಲು ಆಗುವುದಿಲ್ಲ. ನನ್ನದು ಈಗ ವರ್ಷ ದಾಟಿತು. ಸೊಂಟ 92, ಶುಗರ್ 101. ಗಡಿಯಿಂದ ಪೂರ್ತಿ ಈಚೆಗೆ ಬಂದಿಲ್ಲ. ಉಪ್ಪಿನ ಪ್ಯಾಕೆಟು ಈ ಸಲ 41 ದಿನ ಬಂತು. ಹೊಸದರ ಮೇಲೆ ಮೊನ್ನೆ ತಾರೀಕು ಬರೆದದ್ದು ಹೆಂಡತಿ, ನಾನು ಮರೆತಿದ್ದೆ.